ಗುಣಾಕಾರ ಉಳಿಸುವ ಆಟ

7×3 ಮತ್ತು 7×5 ಎರಡನ್ನೂ ಬಿಡಿಸಿ ಕೂಡಿಸಬೇಕು. ಗುಣಾಕಾರ ಎರಡು. ಜಾಣ ಹುಡುಗಿಯೊಬ್ಬಳು ಮೊದಲು 3 ಮತ್ತು 5ನ್ನು ಕೂಡಿಸಿ, 7×8 ಎಂದು ಒಂದೇ ಗುಣಾಕಾರದಲ್ಲಿ ಮುಗಿಸುತ್ತಾಳೆ. ಉತ್ತರ ಅದೇ 56. ಇಂಥ ಯುಕ್ತಿಯ ಬೆನ್ನುಹತ್ತಿ ಗಣಿತಜ್ಞರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದುಡಿದಿದ್ದಾರೆ.

ಸಂಖ್ಯೆಗಳನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಕೋಷ್ಟಕವೇ ಮಾತೃಕೆ ಅಥವಾ ಮ್ಯಾಟ್ರಿಕ್ಸ್. ಹವಾಮಾನ ಮುನ್ಸೂಚನೆಯಿಂದ ಕಂಪ್ಯೂಟರ್ ಪರದೆಯ ಚಿತ್ರದವರೆಗೆ ಮಾತೃಕೆಗಳ ಗುಣಾಕಾರ ಬೇಕೇ ಬೇಕು. ಎರಡು ಸಾಲು, ಎರಡು ಕಂಬಗಳ ಮಾತೃಕೆಗಳನ್ನು ಪಠ್ಯಪುಸ್ತಕದ ಕ್ರಮದಲ್ಲಿ ಗುಣಿಸಲು 8 ಗುಣಾಕಾರಗಳು ಬೇಕು. 1969ರಲ್ಲಿ ಜರ್ಮನಿಯ ಗಣಿತಜ್ಞ ಫೋಲ್ಕರ್ ಸ್ಟ್ರಾಸನ್ 7 ಸಾಕೆಂದು ತೋರಿಸಿದರು. ಉಳಿದದ್ದು ಒಂದೇ ಅಲ್ಲವೇ ಎನ್ನಬೇಡಿ. ದೊಡ್ಡ ಮಾತೃಕೆಯನ್ನು ತುಂಡುತುಂಡಾಗಿಸಿದರೆ ಪ್ರತಿ ಹಂತದಲ್ಲೂ ಈ ಉಳಿತಾಯ ಬೆಳೆಯುತ್ತದೆ. ನಾಲ್ಕು ಸಾಲಿನ ಮಾತೃಕೆಗಳಿಗೆ 64ರ ಬದಲು 7×7, ಅಂದರೆ 49 ಸಾಕು.

2022ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆ ‘ನೇಚರ್’ ಪತ್ರಿಕೆಯಲ್ಲಿ ಆಲ್ಫಾಟೆನ್ಸರ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಪರಿಚಯಿಸಿತು. ಅದಕ್ಕೆ ಈ ಲೆಕ್ಕವನ್ನು ಒಬ್ಬರೇ ಆಡುವ ಆಟವಾಗಿ ಕೊಡಲಾಗಿತ್ತು. ಎದುರಿಗೆ ಸಂಖ್ಯೆಗಳ ಒಂದು ಕಟ್ಟು. ಪ್ರತಿ ನಡೆಯೂ ಒಂದು ಗುಣಾಕಾರ. ಕಟ್ಟಿನಲ್ಲಿ ಎಲ್ಲವೂ ಸೊನ್ನೆಯಾದರೆ ಆಟ ಮುಗಿಯಿತು. ನಡೆಯೊಂದಕ್ಕೆ ಒಂದು ಅಂಕ ಕಡಿತ. ಲಕ್ಷಾಂತರ ಆಟ ಆಡಿ, ಅಂಕ ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುವ ಈ ಬಗೆಗೆ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಎಂದು ಹೆಸರು.

ಸ್ಟ್ರಾಸನ್ನರ ವಿಧಾನವನ್ನು ಹೇಳಿಕೊಡದಿದ್ದರೂ ಯಂತ್ರ ಅದನ್ನು ಮತ್ತೆ ಕಂಡುಕೊಂಡಿತು. 0 ಮತ್ತು 1 ಮಾತ್ರ ಇದ್ದು, 1+1=0 ಎನ್ನುವ ವಿಶೇಷ ಅಂಕಗಣಿತದಲ್ಲಿ 49ನ್ನು 47ಕ್ಕೆ ಇಳಿಸಿತು. ಅದೇ ಅಂಕಗಣಿತದಲ್ಲಿ ಐದು ಸಾಲಿನ ಮಾತೃಕೆಗಳಿಗೆ ಬೇಕಿದ್ದ 98 ಗುಣಾಕಾರಗಳು 96 ಆದವು.

ಸ್ವಾರಸ್ಯ ಮುಂದಿದೆ. ಆ ಸುದ್ದಿ ಬಂದ ಒಂದು ವಾರದೊಳಗೆ ಆಸ್ಟ್ರಿಯಾದ ಲಿಂಜ್ ನಗರದ ಗಣಿತಜ್ಞರಾದ ಮಾನುವೆಲ್ ಕೌವರ್ಸ್ ಮತ್ತು ಯಾಕೋಬ್ ಮೋಸ್‌ಬೌವರ್ 95 ಸಾಕೆಂದು ತೋರಿಸಿದರು! ಯಂತ್ರದ ಗೆಲುವು ಮನುಷ್ಯನ ಸೋಲಾಗಲಿಲ್ಲ. ಹೊಸ ಹುಡುಕಾಟಕ್ಕೆ ಹುರುಪಾಯಿತು.

ಇನ್ನು ಮೂರು ಸಾಲಿನ ಮಾತೃಕೆಗಳ ಮಾತು. ಪಠ್ಯದ ಕ್ರಮದಲ್ಲಿ 27 ಗುಣಾಕಾರ. 1976ರಲ್ಲಿ ಲೇಡರ್‌ಮನ್ ಅದನ್ನು 23ಕ್ಕೆ ತಂದರು. ಆಲ್ಫಾಟೆನ್ಸರ್‌ಗೂ ಅದಕ್ಕಿಂತ ಕೆಳಗಿಳಿಯಲು ಆಗಲಿಲ್ಲ. 22 ಅಸಾಧ್ಯವೆಂದು ಸಾಧಿಸಿದವರೂ ಇಲ್ಲ.

ಪುಸ್ತಕದಲ್ಲಿರುವ ದಾರಿ ಸರಿಯಾದ ದಾರಿ, ನಿಜ. ಅದೊಂದೇ ದಾರಿಯಲ್ಲ. ಮಗು ಬೇರೆ ಕ್ರಮದಲ್ಲಿ ಲೆಕ್ಕ ಬಿಡಿಸಿದರೆ ತಂದೆತಾಯಿ ಗದರುವ ಮೊದಲು ಒಮ್ಮೆ ಕೂಡಿ ಗುಣಿಸಿ ನೋಡುವುದು ಒಳ್ಳೆಯದು.