ಅಡಿಪಾಯದ ಕೆಳಗಿನ ಮರಳು

1964ರ ಜೂನ್ 16ರಂದು ಜಪಾನಿನ ನೀಗಾಟ ನಗರದಲ್ಲಿ ಭೂಕಂಪವಾದಾಗ ಕವಾಗಿಶಿ-ಚೋ ಬಡಾವಣೆಯ ಕಾಂಕ್ರೀಟ್ ವಸತಿಗೃಹಗಳು ಒಡೆಯದೆಯೇ ವಾಲಿದವು. ಒಂದಂತೂ ಬಹುತೇಕ ಮಲಗಿಯೇ ಬಿಟ್ಟಿತು. ಗೋಡೆಗಳು ಗಟ್ಟಿಯಾಗಿದ್ದವು, ಸೋತದ್ದು ನೆಲ.

ನೀರು ತುಂಬಿದ ಸಡಿಲ ಮರಳು ಅಲುಗಿದಾಗ ಕಣಗಳು ಒತ್ತಾಗಿ ಕೂರಲು ಹವಣಿಸುತ್ತವೆ. ನಡುವಣ ನೀರಿಗೆ ಹೊರಹೋಗಲು ಅವಕಾಶವಿಲ್ಲದೆ ಒತ್ತಡವೇರಿ, ಕಣಗಳ ಪರಸ್ಪರ ಆಸರೆ ತಪ್ಪಿ, ನೆಲವು ದ್ರವದಂತಾಗುತ್ತದೆ. ಇದೇ ಮಣ್ಣಿನ ದ್ರವೀಕರಣ.

ಇದನ್ನು ಮೊದಲೇ ಅರಿಯಲು 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತ, ಕೊಳವೆಯು ಮಣ್ಣಿನಲ್ಲಿ 30 ಸೆಂಟಿಮೀಟರ್ ಇಳಿಯಲು ಬೇಕಾಗುವ ಪೆಟ್ಟುಗಳನ್ನು ಎಣಿಸುತ್ತಾರೆ. ಕಂಪನದ ಬಲವನ್ನು ಮಣ್ಣಿನ ತಾಳಿಕೆಯೊಡನೆ ತೂಗಿನೋಡುವ ಸರಳ ವಿಧಾನವನ್ನು 1971ರಲ್ಲಿ ಸೀಡ್ ಮತ್ತು ಇದ್ರಿಸ್ ಎಂಬ ವಿದ್ವಾಂಸರು ಪ್ರಕಟಿಸಿದರು.

ನದೀತೀರದ ಮರಳಿನ ಮೇಲೆ ಮನೆ ಕಟ್ಟುವ ಗೃಹಸ್ಥರು ಗೋಡೆಯ ಅಂದಕ್ಕಿಂತ ಮೊದಲು ಮಣ್ಣಿನ ಗುಣವನ್ನು ಪರೀಕ್ಷಿಸುವುದು ವಿವೇಕವಲ್ಲವೇ?