ಮಕ್ಕಳೊಂದಿಗೆ ಗಲ್ಫ್‌ಗೆ ಹೊರಡುವ ಮುನ್ನ

ಮಾರ್ಚ್ ತಿಂಗಳ ಪರೀಕ್ಷೆ ಮುಗಿಯುತ್ತಿದ್ದಂತೆ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಹಲವು ಮನೆಗಳಲ್ಲಿ ಸೂಟ್‌ಕೇಸ್‌ಗಳು ಅಟ್ಟದಿಂದ ಕೆಳಗಿಳಿಯುತ್ತವೆ. ವರ್ಷಗಟ್ಟಲೆ ದುಬೈಯಲ್ಲೋ ರಿಯಾದ್‌ನಲ್ಲೋ ಒಬ್ಬಂಟಿಯಾಗಿ ದುಡಿದ ಯಜಮಾನರಿಗೆ ಕೊನೆಗೂ ಫ್ಯಾಮಿಲಿ ವೀಸಾ ಸಿಕ್ಕಿರುತ್ತದೆ. ಮನೆತುಂಬ ಸಂತೋಷ. ಅದೇ ಮನೆಯ ಐದು ವರ್ಷದ ಮಗುವನ್ನು ಕೇಳಿ ನೋಡಿ, 'ಅಬ್ಬಾನ ಹತ್ತಿರ ತಿರುಗಾಡಲು ಹೋಗಿ ಬರುತ್ತೇವೆ' ಎನ್ನುತ್ತದೆ. ಅದಕ್ಕೆ ಹಾಗೆಯೇ ಹೇಳಲಾಗಿದೆ.

ವೀಸಾ, ಟಿಕೆಟ್, ಸಾಮಾನುಗಳ ಬಗ್ಗೆ ಸಲಹೆ ಕೊಡುವವರು ನಮ್ಮ ಮೊಹಲ್ಲಾಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮಗುವಿನ ಮನಸ್ಸನ್ನು ಈ ಪ್ರಯಾಣಕ್ಕೆ ಸಿದ್ಧಪಡಿಸುವ ಬಗ್ಗೆ ಮಾತಾಡುವವರು ಕಡಿಮೆ. ಮಕ್ಕಳು ನಮ್ಮ ಕೈಗೆ ಅಲ್ಲಾಹನು ಕೊಟ್ಟ ಅಮಾನತ್. ಅವರನ್ನು ಸಾಮಾನಿನಂತೆ ಎತ್ತಿಕೊಂಡು ಹೋಗುವಂತಿಲ್ಲ. ಆದ್ದರಿಂದ ಕಾಗದಪತ್ರಗಳ ಜೊತೆಗೆ ಮನೆಯೊಳಗೆ ಆಗಬೇಕಾದ ತಯಾರಿಯನ್ನೂ ಇಲ್ಲಿ ಒಟ್ಟಿಗೆ ನೋಡೋಣ.

ಪ್ರಯಾಣ ಹಳೆಯದು, ಮಕ್ಕಳ ಪ್ರಯಾಣ ಹೊಸದು

ಸಮುದ್ರಯಾನ ನಮ್ಮ ಕರಾವಳಿಗೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿಯುತ್ತಿದ್ದವು. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ ಇಲ್ಲಿನ ಜನರು ಸಮುದ್ರ ವ್ಯಾಪಾರದಿಂದ ಬದುಕುವುದನ್ನು ಕಂಡರು. ಜೊತೆಗೆ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದುದನ್ನೂ, ಇಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದ್ದುದನ್ನೂ ಬರೆದಿಟ್ಟರು.

ಅಂದು ಗಂಡಸರು ಹಡಗು ಹತ್ತುತ್ತಿದ್ದರು, ಮಕ್ಕಳು ಊರಿನಲ್ಲೇ ಬೆಳೆಯುತ್ತಿದ್ದರು. ಅಜ್ಜ, ಅಜ್ಜಿ, ಚಿಕ್ಕಪ್ಪ, ಮಕ್ತಬ್‌ನ ಉಸ್ತಾದರು, ನೆರೆಮನೆಯವರು ಎಲ್ಲರೂ ಸೇರಿ ಮಗುವನ್ನು ಸಾಕುತ್ತಿದ್ದರು. ಭಟ್ಕಳದಲ್ಲಿ 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಝೀಮ್, 1919ರಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್, 1962ರಲ್ಲಿ ಜಾಮಿಯಾ ಇಸ್ಲಾಮಿಯಾ ಹುಟ್ಟಿಕೊಂಡಾಗಲೂ ಊರಿನ ಮಕ್ಕಳ ಹೊಣೆಯನ್ನು ಊರೇ ಹೊತ್ತಿತ್ತು. ಇಂದು ಮಗುವೂ ಹೊರಡುತ್ತದೆ. ಇಡೀ ಮೊಹಲ್ಲಾ ಮಾಡುತ್ತಿದ್ದ ಕೆಲಸವನ್ನು ಎರಡು ಕೋಣೆಯ ಫ್ಲ್ಯಾಟ್‌ನಲ್ಲಿ ತಂದೆ-ತಾಯಿ ಇಬ್ಬರೇ ಮಾಡಬೇಕಾಗುತ್ತದೆ.

ಮಗುವಿಗೆ ನಿಜ ಹೇಳಿ

ಅಬ್ದುಲ್ಲಾ ಬಿನ್ ಆಮಿರ್(ರ) ತಮ್ಮ ಬಾಲ್ಯದ ಒಂದು ಘಟನೆಯನ್ನು ವರದಿ ಮಾಡಿರುವುದು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಪ್ರವಾದಿವರ್ಯರು(ಸ) ಅವರ ಮನೆಯಲ್ಲಿ ಕುಳಿತಿದ್ದಾಗ ತಾಯಿ, ಏನೋ ಕೊಡುತ್ತೇನೆ ಬಾ ಎಂದು ಮಗನನ್ನು ಕರೆದರು. ಏನು ಕೊಡಬೇಕೆಂದಿದ್ದೀರಿ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಖರ್ಜೂರ ಎಂದು ತಾಯಿ ಹೇಳಿದರು. ಏನೂ ಕೊಡದೆ ಹೋಗಿದ್ದರೆ ಅದು ನಿಮ್ಮ ಲೆಕ್ಕದಲ್ಲಿ ಒಂದು ಸುಳ್ಳಾಗಿ ಬರೆಯಲ್ಪಡುತ್ತಿತ್ತು ಎಂದು ಅವರು ಎಚ್ಚರಿಸಿದರು.

ಒಂದು ಹಿಡಿ ಖರ್ಜೂರದ ಮಾತಿಗೇ ಇಷ್ಟು ಲೆಕ್ಕವಿದ್ದರೆ, 'ಹತ್ತು ದಿನ ಇದ್ದು ಬರೋಣ' ಎಂದು ಹೇಳಿ ಮಗುವನ್ನು ವಿಮಾನ ಹತ್ತಿಸುವುದು ಎಂಥದ್ದು? ಆ ಹತ್ತು ದಿನ ಮುಗಿದ ಮೇಲೆ ಮಗು ದಾದಿಯ ಮನೆಗೆ ಹೋಗೋಣ ಎನ್ನುತ್ತದೆ. ನಾಳೆ, ನಾಡಿದ್ದು ಎಂದು ಮುಂದೂಡುತ್ತೇವೆ. ಕೊನೆಗೆ ಅದು ಕೇಳುವುದನ್ನು ನಿಲ್ಲಿಸುತ್ತದೆ. ಹೊಂದಿಕೊಂಡಿತು ಎಂದು ನಾವು ಸಮಾಧಾನಪಡುತ್ತೇವೆ. ನಮ್ಮ ಮಾತಿನ ಮೇಲೆ ಅದರ ನಂಬಿಕೆ ಕಡಿಮೆಯಾಗಿರುತ್ತದೆ.

ನಾಲ್ಕೈದು ವರ್ಷದ ಮಗುವಿಗೆ ಹೊರಡುವ ಎರಡು ಮೂರು ವಾರ ಮೊದಲು ಹೇಳಿದರೆ ಸಾಕು. ದೊಡ್ಡ ಮಕ್ಕಳಿಗೆ ನಿರ್ಧಾರವಾದ ಕೂಡಲೇ ಹೇಳಬೇಕು. ನಾವು ಅಲ್ಲಿ ಮನೆ ಮಾಡುತ್ತೇವೆ, ಶಾಲೆಗೆ ಸೇರುತ್ತೇವೆ, ರಜೆಯಲ್ಲಿ ಊರಿಗೆ ಬರುತ್ತೇವೆ ಎಂದು ಸರಳವಾಗಿ ಹೇಳಿ. ದಾದಿ ನಮ್ಮ ಜೊತೆ ಬರುವುದಿಲ್ಲ ಎಂಬುದನ್ನೂ ಹೇಳಿ. ಅತ್ತರೆ ಅಳಲಿ. ಗೆಳೆಯರು, ಮಕ್ತಬ್‌ನ ಉಸ್ತಾದರು, ಮನೆಯ ಬೆಕ್ಕು, ತೋಟದ ಬಾವಿ ಎಲ್ಲಕ್ಕೂ ಸಲಾಂ ಹೇಳಿ ಬರಲು ಒಂದು ದಿನ ಬಿಡುವು ಮಾಡಿಕೊಡಿ. ಸೂಟ್‌ಕೇಸ್‌ನಲ್ಲಿ ಅದರದೇ ಆಯ್ಕೆಯ ಎರಡು ವಸ್ತುಗಳಿಗೆ ಜಾಗವಿರಲಿ, ಹಳೆಯ ಹೊದಿಕೆಯಾದರೂ ಸರಿ.

ತಂದೆಯೂ ಸಿದ್ಧರಾಗಬೇಕು

ವರ್ಷಕ್ಕೊಮ್ಮೆ ತಿಂಗಳ ರಜೆಗೆ ಬರುವ ತಂದೆ ಮಗುವಿಗೆ ಚಾಕಲೇಟು ತರುವ ಪ್ರೀತಿಯ ಅತಿಥಿ. ಅವರು ದಿನವೂ ಮನೆಯಲ್ಲಿರುವ ತಂದೆಯಾಗಲು ಸಮಯ ಬೇಕು. ಬಂದ ವಾರದಲ್ಲೇ ಗದರಿಸಿ ತಿದ್ದಲು ಹೊರಟರೆ ಮಗು ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಹೊರಡುವ ಮೊದಲೇ ಪ್ರತಿದಿನ ಒಂದೇ ಹೊತ್ತಿಗೆ ವೀಡಿಯೊ ಕರೆ ಮಾಡಿ, ಮುಂದೆ ಇರಲಿರುವ ಮನೆ, ಮಲಗುವ ಕೋಣೆ, ಹತ್ತಿರದ ಮಸೀದಿ, ಶಾಲೆಯ ದಾರಿಯನ್ನು ತೋರಿಸಲಿ.

ಇಷ್ಟು ವರ್ಷ ಊರಿನಲ್ಲಿ ಮನೆ ನಡೆಸಿದವರು ತಾಯಿ. ಬ್ಯಾಂಕು, ಆಸ್ಪತ್ರೆ, ಶಾಲೆ ಎಲ್ಲವನ್ನೂ ಅವರೇ ನೋಡಿಕೊಂಡಿರುತ್ತಾರೆ. ಅಲ್ಲಿಗೆ ಹೋದ ಮೇಲೆ ಎಲ್ಲಕ್ಕೂ ಗಂಡನನ್ನೇ ಕಾಯಬೇಕಾದ ಸ್ಥಿತಿ ಬರಬಾರದು. ಖರ್ಚು, ಮಕ್ಕಳ ಓದು, ಊರಿಗೆ ಕಳುಹಿಸುವ ಹಣ ಇವನ್ನೆಲ್ಲ ಇಬ್ಬರೂ ಕುಳಿತು ಮಶ್ವರಾ ಮಾಡಿ ಮೊದಲೇ ತೀರ್ಮಾನಿಸಲಿ.

ಲೆಕ್ಕವನ್ನು ಕಾಗದದ ಮೇಲೆ ಬರೆಯಿರಿ. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ಕನಿಷ್ಠ 4,000 ದಿರ್ಹಂ ಸಂಬಳ, ಅಥವಾ 3,000 ದಿರ್ಹಂ ಮತ್ತು ವಸತಿ ಇರಬೇಕೆಂಬ ನಿಯಮವಿದೆ. ಅದು ವೀಸಾ ಸಿಗಲು ಸಾಕಾಗುವ ಸಂಬಳ. ಬಾಡಿಗೆ ಮತ್ತು ಶಾಲೆಯ ಶುಲ್ಕ ಕೊಟ್ಟು ಬದುಕಲು ಅದು ಸಾಲದು. ಸೌದಿಯಲ್ಲಿ 2017ರ ಜುಲೈಯಲ್ಲಿ ಅವಲಂಬಿತರೊಬ್ಬರಿಗೆ ತಿಂಗಳಿಗೆ 100 ರಿಯಾಲ್‌ನಂತೆ ಆರಂಭವಾದ ಶುಲ್ಕ 2020ರ ಹೊತ್ತಿಗೆ 400 ರಿಯಾಲ್ ಆಯಿತು. ಹೆಂಡತಿ ಮತ್ತು ಮೂರು ಮಕ್ಕಳೆಂದರೆ ಈ ದರದಲ್ಲಿ ವರ್ಷಕ್ಕೆ 19,200 ರಿಯಾಲ್. ಲೆಕ್ಕ ಕೂಡಿಬರದಿದ್ದರೆ ಒಂದು ವರ್ಷ ಕಾಯುವುದು ಸೋಲಲ್ಲ. ಸಾಲ ಮಾಡಿ ಕರೆಸಿಕೊಂಡು ವರ್ಷದೊಳಗೆ ಹಿಂದೆ ಕಳುಹಿಸುವುದು ಮಕ್ಕಳಿಗೆ ಇನ್ನೂ ಕಷ್ಟ.

ಕಾಗದಪತ್ರಗಳು

ಮೊದಲು ಹೆಸರು ನೋಡಿ. ತಂದೆಯ ಪಾಸ್‌ಪೋರ್ಟ್‌ನಲ್ಲಿ 'ಮುಹಮ್ಮದ್', ಮಗುವಿನ ಜನನ ಪ್ರಮಾಣಪತ್ರದಲ್ಲಿ 'ಮೊಹಮ್ಮದ್', ಶಾಲೆಯ ದಾಖಲೆಯಲ್ಲಿ ಬರೀ 'ಎಂ.ಡಿ.' ಎಂದಿರುವುದು ನಮ್ಮಲ್ಲಿ ಸಾಮಾನ್ಯ. ಇಂಗ್ಲಿಷ್ ಅಕ್ಷರಗಳು ಎಲ್ಲ ಕಡೆ ಒಂದೇ ಆಗಿರಲಿ. ಪುರಸಭೆ, ಪಟ್ಟಣ ಪಂಚಾಯತ್ ಅಥವಾ ಗ್ರಾಮ ಪಂಚಾಯತ್‌ನಲ್ಲಿ ತಿದ್ದುಪಡಿಗೆ ವಾರಗಳೇ ಬೇಕಾಗುತ್ತವೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು ಮನೆತನದ ಹೆಸರಿನ ಜಾಗ ಖಾಲಿ ಇರುವವರಿಗೆ ಯುಎಇ 2022ರ ನವೆಂಬರ್‌ನಿಂದ ಸಂದರ್ಶಕ ವೀಸಾ ವಿಷಯದಲ್ಲಿ ತಡೆ ಹಾಕಿತು. ಮಕ್ಕಳ ಪಾಸ್‌ಪೋರ್ಟ್ ಮಾಡಿಸುವಾಗಲೇ ಎರಡೂ ಜಾಗ ತುಂಬಿಸಿ.

ಮಕ್ಕಳ ಪಾಸ್‌ಪೋರ್ಟ್‌ಗೆ ತಂದೆ-ತಾಯಿ ಇಬ್ಬರ ಒಪ್ಪಿಗೆಯ ಹೇಳಿಕೆ ಬೇಕು. ತಂದೆ ರಜೆಯಲ್ಲಿ ಊರಿಗೆ ಬಂದಾಗಲೇ ಅರ್ಜಿ ಹಾಕಿದರೆ ಸುಲಭ. ಅದರ ಅವಧಿ ಸಾಮಾನ್ಯವಾಗಿ ಐದೇ ವರ್ಷ ಎಂಬುದು ನೆನಪಿರಲಿ.

ಕುಟುಂಬದ ವೀಸಾಕ್ಕೆ ವಿವಾಹ ಪ್ರಮಾಣಪತ್ರ ಬೇಕು. ಜಮಾಅತ್‌ನ ನಿಕಾಹ್‌ನಾಮಾ ಇದ್ದರೂ ಉಪನೋಂದಣಿ ಕಚೇರಿಯಲ್ಲಿ ಮದುವೆಯನ್ನು ನೋಂದಾಯಿಸಿಕೊಳ್ಳುವುದು ಕ್ಷೇಮ. ವಕ್ಫ್ ಅಧಿಕಾರಿಗಳು ವಿವಾಹ ಪ್ರಮಾಣಪತ್ರ ನೀಡಲು ಅವಕಾಶ ಕೊಟ್ಟ 2023ರ ಸರಕಾರಿ ಆದೇಶಕ್ಕೆ 2024ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆಯಾಜ್ಞೆ ನೀಡಿದ್ದನ್ನು ಗಮನದಲ್ಲಿಡಿ. ವಿವಾಹ ಮತ್ತು ಜನನ ಪ್ರಮಾಣಪತ್ರಗಳಿಗೆ ರಾಜ್ಯ ಸರಕಾರದ, ನಂತರ ವಿದೇಶಾಂಗ ಸಚಿವಾಲಯದ ದೃಢೀಕರಣ ಮಾಡಿಸಬೇಕು. ಯುಎಇಗಾದರೆ ಅವರ ದೂತಾವಾಸದ ಮುದ್ರೆಯೂ ಬೇಕು. ಸೌದಿ 2022ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿರುವುದರಿಂದ ಅಲ್ಲಿಗೆ ಆ ಕೊನೆಯ ಹಂತ ತಪ್ಪಿದೆ.

ಶಾಲೆಯ ಟಿ.ಸಿ.ಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಸೇರಿದಂತೆ ಯಾವ ಯಾವ ದೃಢೀಕರಣ ಬೇಕೆಂದು ಸೇರಲಿರುವ ಶಾಲೆಯನ್ನು ಮೊದಲೇ ಕೇಳಿಕೊಳ್ಳಿ. ಗಲ್ಫ್‌ನ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಆರಂಭವಾಗುತ್ತವೆ, ಜುಲೈ-ಆಗಸ್ಟ್‌ನಲ್ಲಿ ಬೇಸಿಗೆ ರಜೆ. ನಮ್ಮಲ್ಲಿ ಮಳೆ ಸುರಿಯುವ ಜುಲೈಯಲ್ಲಿ ಹೊರಟರೆ ಮಗು ಅಲ್ಲಿನ 45 ಡಿಗ್ರಿ ಬಿಸಿಲಿಗೆ ಇಳಿಯುತ್ತದೆ. ಶಾಲೆಯಿಲ್ಲದೆ, ಗೆಳೆಯರಿಲ್ಲದೆ ಎರಡು ತಿಂಗಳು ಎಸಿ ಕೋಣೆಯಲ್ಲೇ ಕಳೆಯಬೇಕು. ಸಾಧ್ಯವಾದರೆ ಏಪ್ರಿಲ್ ಆರಂಭಕ್ಕೆ ತಲುಪಿ.

ಔಷಧ ಮತ್ತು ಅಡುಗೆ ಸಾಮಾನು

ತಾಯಿ ಕಾರ್ಡ್‌ನಲ್ಲಿರುವ ಲಸಿಕೆಗಳ ವಿವರವನ್ನು ವೈದ್ಯರಿಂದ ಇಂಗ್ಲಿಷ್‌ನಲ್ಲಿ ಬರೆಸಿಕೊಳ್ಳಿ. ನಮ್ಮ ಸರಕಾರಿ ಲಸಿಕಾ ಪಟ್ಟಿಯಲ್ಲಿ ದಡಾರ-ರುಬೆಲ್ಲಾ ಇದೆ. ಮಂಗನಬಾವು ಮತ್ತು ಚಿಕನ್‌ಪಾಕ್ಸ್ ಲಸಿಕೆ ಇಲ್ಲ. ಯುಎಇಯ ಪಟ್ಟಿಯಲ್ಲಿ ಅವೆರಡೂ ಇವೆ.

ಸಾಮಾನು ಕಟ್ಟುವಾಗ ಹಿರಿಯರ ಪ್ರೀತಿಯೇ ಕೆಲವೊಮ್ಮೆ ತೊಂದರೆ ತರುತ್ತದೆ. ಯುಎಇ, ಸೌದಿ, ಕತಾರ್‌ಗಳಲ್ಲಿ ಗಸಗಸೆ ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ. ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಬೇಡ. ಹೊನ್ನಾವರದ ಕಡೆಯವರು ಪ್ರೀತಿಯಿಂದ ಕಟ್ಟಿಕೊಡುವ ವೀಳ್ಯದೆಲೆಯನ್ನೂ ಯುಎಇ ಕಸ್ಟಮ್ಸ್ ಒಳಗೆ ಬಿಡುವುದಿಲ್ಲ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳನ್ನು ಅನುಮತಿಯಿಲ್ಲದೆ ಒಯ್ಯಬಾರದು. ಉಳಿದ ಔಷಧಗಳಿಗೆ ವೈದ್ಯರ ಚೀಟಿ ಜೊತೆಗಿರಲಿ. ಇನ್ನೊಬ್ಬರು ಕಟ್ಟಿಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಸಂಬಂಧಿಕರಾದರೂ ಸರಿ, ಸಂಕೋಚ ಬೇಡ.

ಮಾತು, ಕುರ್‌ಆನ್, ಕನ್ನಡ

ಗಲ್ಫ್‌ನ ವೀಸಾ ತಂದೆಯ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ ಮನೆಯವರೆಲ್ಲ ಮರಳಬೇಕು. 2020ರ ಮೇ 12ರಿಂದ ದುಬೈಯಿಂದ ಮಂಗಳೂರಿಗೆ ಬಂದಿಳಿದ ವಂದೇ ಭಾರತ್ ವಿಮಾನಗಳು ಈ ಮಾತನ್ನು ನಮಗೆಲ್ಲ ನೆನಪಿಸಿದವು. ಮರಳುವ ಮಗುವಿಗೆ ಇಲ್ಲಿ ಕನ್ನಡ ಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ರಾಜ್ಯದ ಸಿಬಿಎಸ್‌ಇ ಶಾಲೆಗಳೂ ಕನ್ನಡ ಕಲಿಸಬೇಕು. ಏಳನೇ ತರಗತಿಗೆ ಬಂದು ಸೇರುವ ಮಗು ಆಗ ಅಕ್ಷರಮಾಲೆಯಿಂದ ಆರಂಭಿಸುವಂತಾಗಬಾರದು. ನಲಿ-ಕಲಿ ಪುಸ್ತಕಗಳನ್ನು ಜೊತೆಗೆ ಒಯ್ಯಿರಿ, ವಾರಕ್ಕೆ ಎರಡು ಗಂಟೆ ಓದಿಸಿ. ದುಬೈಯಲ್ಲಿ ಕನ್ನಡ ಮಿತ್ರರು ಸಂಘಟನೆ ಉಚಿತವಾಗಿ ಕನ್ನಡ ಪಾಠಶಾಲೆ ನಡೆಸುತ್ತಿದೆ.

ಮನೆಯ ಮಾತು ನವಾಯತಿಯಾಗಲಿ, ದಖ್ಖನಿಯಾಗಲಿ, ಅದನ್ನು ಮನೆಯೊಳಗೆ ಬಿಡಬೇಡಿ. ಇಂಗ್ಲಿಷನ್ನು ಶಾಲೆ ಕಲಿಸುತ್ತದೆ. ದಾದಿಯೊಡನೆ ಮಾತಾಡುವ ಭಾಷೆಯನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಕುರ್‌ಆನ್ ಪಾಠ ಎಲ್ಲಿಗೆ ನಿಂತಿದೆ ಎಂದು ಉಸ್ತಾದರಿಂದ ಬರೆಸಿಕೊಂಡು, ಅಲ್ಲಿ ತಲುಪಿದ ಮೊದಲ ವಾರದಲ್ಲೇ ಮುಂದುವರಿಸಿ. ಅರಬ್ ನಾಡಿಗೆ ಹೋದ ಮಾತ್ರಕ್ಕೆ ದೀನ್ ತಾನಾಗಿ ಬರುವುದಿಲ್ಲ.

ಊರಿನಲ್ಲಿ ಉಳಿಯುವವರು

ಹೊರಡುವವರಿಗೆ ಹೊಸ ಮನೆ ಕಾದಿರುತ್ತದೆ. ಉಳಿಯುವ ಅಜ್ಜ-ಅಜ್ಜಿಗೆ ಖಾಲಿಯಾದ ಮನೆ. ಅವರ ಔಷಧ ಯಾರು ತರುತ್ತಾರೆ, ರಾತ್ರಿ ಯಾರು ಇರುತ್ತಾರೆ, ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಎಂಬುದನ್ನು ಹೆಸರು ಹಿಡಿದು ನಿಗದಿ ಮಾಡಿ. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಯುಎಇಯಲ್ಲಿ ವಾಟ್ಸಾಪ್ ಕರೆಗೆ ನಿರ್ಬಂಧವಿರುವುದರಿಂದ ಬೋಟಿಮ್‌ನಂಥ ಆ್ಯಪನ್ನು ಅವರ ಫೋನಿಗೆ ಹಾಕಿ, ಹೊರಡುವ ಮೊದಲೇ ಅಭ್ಯಾಸ ಮಾಡಿಸಿ. ಯುಎಇಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿಯದು ಎರಡೂವರೆ ಗಂಟೆ ಹಿಂದೆ. ಅವರು ಮಲಗುವ ಮುನ್ನ ಮೊಮ್ಮಕ್ಕಳ ದನಿ ಕೇಳಿಸುವಂಥ ಹೊತ್ತನ್ನು ಗೊತ್ತುಮಾಡಿ.

ಸಾಲಗಳನ್ನು ತೀರಿಸಿ, ತೀರದಿದ್ದರೆ ಬರೆದಿಡಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬುದು ಕುರ್‌ಆನಿನ ಆದೇಶ. ಬರೆಯಬೇಕಾದ ವಸಿಯ್ಯತ್ ಇರುವವನು ಅದನ್ನು ಬರೆದಿಡದೆ ಎರಡು ರಾತ್ರಿಯನ್ನೂ ಕಳೆಯಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಪ್ರಯಾಣಕ್ಕೆ ಹೊರಟವರಿಗೆ ಇದು ಇನ್ನಷ್ಟು ಅಗತ್ಯ.

ಮೊದಲ ದಿನಗಳು

ಮಕ್ಕಾದಿಂದ ಮದೀನಕ್ಕೆ ಬಂದ ಅನುಚರರಲ್ಲಿ ಹ. ಅಬೂಬಕರ್(ರ) ಮತ್ತು ಹ. ಬಿಲಾಲ್(ರ) ಜ್ವರದಿಂದ ಮಲಗಿದರು. ಜ್ವರ ಇಳಿದಾಗಲೆಲ್ಲ ಬಿಲಾಲ್(ರ) ಮಕ್ಕಾದ ಕಣಿವೆಯನ್ನೂ ಅಲ್ಲಿನ ಹುಲ್ಲನ್ನೂ ನೆನೆದು ಹಂಬಲಿಸುತ್ತಿದ್ದರೆಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಮಕ್ಕಾ ಅವರಿಗೆ ಎಷ್ಟೋ ಹಿಂಸೆ ಕೊಟ್ಟ ಊರು. ಆದರೂ ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ. ಮದೀನವನ್ನೂ ಮಕ್ಕಾದಷ್ಟೇ, ಅಥವಾ ಅದಕ್ಕಿಂತ ಹೆಚ್ಚು ಪ್ರಿಯವಾಗಿಸು ಎಂದು ಅಲ್ಲಾಹನಲ್ಲಿ ಬೇಡಿದರು.

ಅಂಥ ಮಹನೀಯರಿಗೇ ಊರಿನ ನೆನಪು ಕಾಡಿದ್ದರೆ, ಆರು ವರ್ಷದ ಮಗು ರಾತ್ರಿ ಎದ್ದು ಅಳುವುದರಲ್ಲಿ ಏನು ತಪ್ಪು? ಮೊದಲ ವಾರಗಳಲ್ಲಿ ಹಾಸಿಗೆ ಒದ್ದೆ ಮಾಡುವುದು, ಊಟ ಬಿಡುವುದು, ತಾಯಿಯನ್ನು ಬಿಡದಿರುವುದು ಇದ್ದೇ ಇರುತ್ತದೆ. 'ಇಷ್ಟು ಖರ್ಚು ಮಾಡಿ ಕರೆತಂದಿದ್ದೇವೆ' ಎಂದು ಹೇಳಬೇಡಿ. ಹತ್ತಿರ ಕುಳ್ಳಿರಿಸಿ ಊರಿನ ಮಾತಾಡಿ. ತಿಂಗಳುಗಳಾದರೂ ಕಡಿಮೆಯಾಗದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಗಲ್ಫ್‌ನ ನಗರಗಳಲ್ಲಿ ಭಟ್ಕಳದವರ ಜಮಾಅತ್‌ಗಳಿವೆ, ಆಸುಪಾಸಿನ ಊರುಗಳವರ ಕೂಟಗಳೂ ಇವೆ. ಮೊದಲ ತಿಂಗಳಲ್ಲೇ ಮನೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಈಗಾಗಲೇ ಅಲ್ಲಿರುವ ನಮ್ಮ ಓದುಗರು ಹೊಸದಾಗಿ ಬಂದ ಕುಟುಂಬದ ಮಕ್ಕಳನ್ನು ಒಂದು ಸಂಜೆಯಾದರೂ ತಮ್ಮ ಮಕ್ಕಳೊಡನೆ ಆಡಲು ಕರೆಯಲಿ. ಮದೀನದ ಅನ್ಸಾರ್‌ಗಳಿಂದ ನಾವು ಕಲಿಯಬೇಕಾದ ಪಾಠ ಇದೇ.

ಹೊರಟಿರುವ ಎಲ್ಲ ಕುಟುಂಬಗಳ ಪ್ರಯಾಣವನ್ನು ಅಲ್ಲಾಹನು ಸುಗಮಗೊಳಿಸಲಿ, ಅವರ ದುಡಿಮೆಯಲ್ಲಿ ಬರಕತ್ ನೀಡಲಿ, ಊರಿನಲ್ಲಿ ಉಳಿದ ಹಿರಿಯರನ್ನು ಕಾಪಾಡಲಿ. ಆಮೀನ್.