ರೋಸಿನ ರಾತ್ರಿಯ ಗ್ಲಾಸು, ಬೆಳಗ್ಗಿನ ಲೈಸೆನ್ಸು



2025ರ ಜುಲೈ ತಿಂಗಳಲ್ಲಿ ಪತ್ತನಂತಿಟ್ಟ ಜಿಲ್ಲೆಯ ಪಂದಳಂ ಬಸ್ ಡಿಪೋದಲ್ಲಿ ನಡೆದ ಸಂಗತಿಯನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು. ಕೇರಳ ಕೆ.ಎಸ್.ಆರ್.ಟಿ.ಸಿ.ಯ ಚಾಲಕರು ಬಸ್ಸು ಹತ್ತುವ ಮೊದಲು ಎಂದಿನಂತೆ ಮೀಟರಿಗೆ ಊದಿದರು. ಮೀಟರು ಮದ್ಯ ಇದೆ ಎಂದಿತು. ಕುಡಿದೇ ಇಲ್ಲ ಎಂದು ಅವರು ಹಟ ಹಿಡಿದರು. ವಿಚಾರಿಸಿದಾಗ ಅವರು ತಿಂದದ್ದು ಚೆನ್ನಾಗಿ ಕಳಿತ ಹಲಸಿನ ಹಣ್ಣು ಎಂದು ತಿಳಿಯಿತು. ಊದಿ ಸೊನ್ನೆ ತೋರಿಸಿದ್ದ ಇನ್ನೊಬ್ಬರಿಗೆ ಅದೇ ಹಣ್ಣು ತಿನ್ನಿಸಿ ಮತ್ತೆ ಊದಿಸಿದರೆ ಅವರಿಗೂ ಮೀಟರು ಏರಿತು!

ಹಲಸು ಬೆಳೆಯುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಕ್ಕೆಯಾಗಲಿ ತುಳುವೆಯಾಗಲಿ, ಹಣ್ಣು ಅತಿಯಾಗಿ ಕಳಿತರೆ ಅದರ ಸಕ್ಕರೆ ಹುಳಿಯೆದ್ದು ಮದ್ಯಸಾರವಾಗುತ್ತದೆ. ಗೇರುಹಣ್ಣಿನ ರಸಕ್ಕೂ ಕಳ್ಳಿಗೂ ಆಗುವುದು ಇದೇ. ಆದರೆ ಹಣ್ಣಿನಿಂದ ಬಂದದ್ದು ಬಾಯಲ್ಲಿ ಮಾತ್ರ ಉಳಿಯುವ ವಾಸನೆ. ಬಾಯಿ ಮುಕ್ಕಳಿಸಿ ಹದಿನೈದು ಇಪ್ಪತ್ತು ನಿಮಿಷ ಕಾದರೆ ಹೋಗುತ್ತದೆ. ಕುಡಿದದ್ದು ರಕ್ತಕ್ಕೆ ಸೇರುತ್ತದೆ, ಬಾಯಿ ಮುಕ್ಕಳಿಸಿದರೆ ಹೋಗುವುದಿಲ್ಲ. ಆದ್ದರಿಂದ "ಇನ್ನು ಪೊಲೀಸರು ಹಿಡಿದರೆ ಹಲಸು ತಿಂದೆ ಅಂದರಾಯಿತು" ಎಂದು ಇಗರ್ಜಿಯ ಅಂಗಳದಲ್ಲಿ ನಗುವವರಿಗೆ ನಾವು ಹೇಳುವುದಿಷ್ಟೆ: ಮೀಟರಿನ ಮೇಲೆ ಸಂಶಯವಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಲು, ವೈದ್ಯರಿಂದ ರಕ್ತಪರೀಕ್ಷೆ ಮಾಡಿಸಲು ಮರ್ಯಾದೆಯಿಂದ ಕೇಳಿರಿ. ಊದಲಾರೆ ಎಂದು ಮಾತ್ರ ಹಟ ಹಿಡಿಯಬೇಡಿರಿ. ಕಾರಣವಿಲ್ಲದೆ ನಿರಾಕರಿಸಿದರೆ ಅದೇ ನಿಮ್ಮ ವಿರುದ್ಧ ಸಾಕ್ಷಿಯಾಗಬಹುದು.

ಕಾನೂನಿನ ಅಳತೆ ಏನು? 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದು ವಾಹನ ಚಲಾಯಿಸುವುದು ಅಪರಾಧ. ಚಲಾಯಿಸಲು ಯತ್ನಿಸಿದರೂ ಅಪರಾಧವೇ. ಸ್ಕೂಟರು, ಪಿಕಪ್, ಟ್ರ್ಯಾಕ್ಟರು ಎಂಬ ಭೇದವಿಲ್ಲ. ಮೈಲುತುತ್ತಿನ ದ್ರಾವಣ ಮಾಡಿದಾಗ ಹದ ನೋಡಲು ನಾವು ಚಾಕು ಅದ್ದುತ್ತೇವಷ್ಟೆ? ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ, "ನನ್ನ ಕಣ್ಣಿಗೆ ಸರಿ ಕಾಣುತ್ತದೆ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಇಲ್ಲೂ ಹಾಗೆಯೇ. "ನನಗೆ ಏರಿಲ್ಲ, ನಾನು ಸರಿಯಾಗಿದ್ದೇನೆ" ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಈಗ ಸ್ವಲ್ಪ ಗಣಿತ. ಒಂದು ಲಾರ್ಜ್ ಅಂದರೆ 60 ಮಿಲಿಲೀಟರ್ ಬ್ರಾಂದಿ ಅಥವಾ ರಮ್ಮಿನಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. 60 ಕಿಲೋ ತೂಕದ ಗಂಡಸಿನ ರಕ್ತವನ್ನು 30ರ ಗೆರೆ ದಾಟಿಸಲು ಅದೊಂದೇ ಸಾಕು. 650 ಮಿಲಿಲೀಟರಿನ ಒಂದು ಬಾಟ್ಲಿ ಬಿಯರಿನಲ್ಲಿ ಅದಕ್ಕಿಂತಲೂ ಹೆಚ್ಚು ಮದ್ಯಸಾರವಿದೆ. "ಬಿಯರು ತಾನೆ" ಎನ್ನುವವರು ಇದನ್ನು ಗಮನಿಸಬೇಕು. ಏರಿದ್ದು ಇಳಿಯುವುದು ಮಾತ್ರ ಬಹಳ ನಿಧಾನ, ಗಂಟೆಗೆ ಸುಮಾರು 15 ಮಿಲಿಗ್ರಾಂ. ಕೆಲಸ ಮಾಡುವುದು ಪಿತ್ತಜನಕಾಂಗ. ಅದಕ್ಕೆ ಅವಸರ ತಿಳಿಯದು. ಕಟ್ಟಾ ಕಾಫಿ, ಲಿಂಬೆ ಶರಬತ್ತು, ಮಜ್ಜಿಗೆ, ತಣ್ಣೀರ ಸ್ನಾನ, ಇವು ಯಾವುವೂ ಅದನ್ನು ಓಡಿಸಲಾರವು.

ನಮ್ಮಲ್ಲಿ ಕುಡಿತ ಹೆಚ್ಚು ನಡೆಯುವುದು ಮದುವೆಯ ಮುನ್ನಾದಿನ, ರೋಸಿನ ರಾತ್ರಿ. ಅರುವತ್ತು ಕಿಲೋ ತೂಗುವ ಒಬ್ಬ ರೈತ ಒಂಬತ್ತು ಗಂಟೆಗೆ ಕುಳಿತು ಹನ್ನೆರಡರೊಳಗೆ ನಾಲ್ಕು ಲಾರ್ಜ್ ಮುಗಿಸಿದನೆಂದು ಇಟ್ಟುಕೊಳ್ಳೋಣ. ಬುದ್ಧಿವಂತ, ಬೇರೆಯವರ ಜೀಪಿನಲ್ಲಿ ಮನೆ ಸೇರಿದ, ಊಟ ಮಾಡಿ ಮಲಗಿದ. ಬೆಳಿಗ್ಗೆ ಆರು ಗಂಟೆಗೆ ಎದ್ದು ಹಾಲಿನ ಕ್ಯಾನು ಸ್ಕೂಟರಿಗೆ ಕಟ್ಟಿ ಸೊಸೈಟಿಗೆ ಹೊರಟ. ಆಗ ಅವನ ರಕ್ತದಲ್ಲಿ ಇನ್ನೂ 60 ಮಿಲಿಗ್ರಾಂ ಆಸುಪಾಸು ಇರುತ್ತದೆ. ಕಾನೂನಿನ ಮಿತಿಯ ಎರಡು ಪಟ್ಟು! ತಲೆ ಭಾರ ಎಂದಷ್ಟೇ ಅವನಿಗೆ ಅನಿಸುತ್ತದೆ. ಎದುರಿನಿಂದ ಬರುವ ಬಸ್ಸಿನ ವೇಗವನ್ನು ಅಳೆಯುವ ಕಣ್ಣು, ಬ್ರೇಕು ಒತ್ತುವ ಕಾಲು ತಡವಾಗಿರುವುದು ಅವನಿಗೆ ತಿಳಿಯುವುದಿಲ್ಲ. ಚೆರ್ಕಳ-ಕಲ್ಲಡ್ಕ ರಸ್ತೆಯ ತಿರುವುಗಳನ್ನು ಬಲ್ಲವರಿಗೆ ಆ ಒಂದು ಕ್ಷಣದ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. (ತೂಕ, ಊಟ, ಆರೋಗ್ಯಕ್ಕೆ ತಕ್ಕಂತೆ ಈ ಲೆಕ್ಕ ಹೆಚ್ಚು ಕಡಿಮೆಯಾಗುತ್ತದೆ. ಹೆಂಗಸರಿಗೆ, ತೆಳ್ಳಗಿನವರಿಗೆ ಇನ್ನೂ ಬೇಗ ಏರುತ್ತದೆ.)

ಸಿಕ್ಕಿಬಿದ್ದರೆ ಏನಾಗುತ್ತದೆ? ಹಲವರ ಮನಸ್ಸಿನಲ್ಲಿ ಇರುವುದು ಹಳೆಯ ಎರಡು ಸಾವಿರದ ದಂಡ. 2019ರ ಸೆಪ್ಟೆಂಬರ್ 1ರಿಂದ ಅದು ಬದಲಾಗಿದೆ. ಮೊದಲ ಸಲಕ್ಕೆ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳ ವರೆಗೆ ಜೈಲು, ಅಥವಾ ಎರಡೂ. ಇದನ್ನು ರಸ್ತೆಬದಿಯಲ್ಲೇ ಕಟ್ಟಿ ಮುಗಿಸಲು ಆಗುವುದಿಲ್ಲ, ಕೋರ್ಟಿಗೆ ಹೋಗಬೇಕು. ಆದರೆ ನಮ್ಮ ಅಭಿಪ್ರಾಯದಲ್ಲಿ ದಂಡ ಸಣ್ಣ ಸಂಗತಿ. ದೊಡ್ಡದು ಲೈಸೆನ್ಸು. ಪೊಲೀಸರು ಅದನ್ನು ವಶಪಡಿಸಿಕೊಂಡು ಆರ್.ಟಿ.ಓ.ಗೆ ಕಳುಹಿಸುತ್ತಾರೆ. ನಿಮ್ಮ ಹೇಳಿಕೆ ಕೇಳಿದ ಮೇಲೆ ತಪ್ಪು ಹೌದೆಂದು ಕಂಡರೆ ಅವರು ಮೊದಲ ಸಲಕ್ಕೆ ಮೂರು ತಿಂಗಳು ಅಮಾನತು ಮಾಡಬಹುದು. ಎರಡನೆಯ ಸಲಕ್ಕೆ ಲೈಸೆನ್ಸನ್ನೇ ರದ್ದು ಮಾಡಬಹುದು. ರದ್ದಾದವರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಲೂ ಕಾಯ್ದೆಯಲ್ಲಿ ಅವಕಾಶವಿದೆ. ಇದಲ್ಲದೆ ಕೋರ್ಟು ತಪ್ಪಿತಸ್ಥನೆಂದು ತೀರ್ಮಾನಿಸಿದರೆ ಕಡಿಮೆಯೆಂದರೆ ಆರು ತಿಂಗಳು ಅನರ್ಹಗೊಳಿಸಬೇಕು. ಅವಧಿ ಮುಗಿದರೂ ಮರುತರಬೇತಿ ಮುಗಿಸದೆ ಲೈಸೆನ್ಸು ಕೈಗೆ ಬರುವುದಿಲ್ಲ. ಕೇರಳದಲ್ಲಿ ಇಂಥ ತರಬೇತಿಗೆ ಕಳುಹಿಸುತ್ತ ಬಂದಿರುವುದು ಮಲಪ್ಪುರಂ ಜಿಲ್ಲೆಯ ಎಡಪ್ಪಾಳಿಗೆ. ನಮ್ಮಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಬಸ್ಸಿನಲ್ಲೋ ರೈಲಿನಲ್ಲೋ ಹೋಗಬೇಕು, ಬೇರೆ ದಾರಿಯಿಲ್ಲವಲ್ಲ!

ಆರ್.ಟಿ.ಓ. ಕಚೇರಿಯಿಂದ ನೋಟೀಸು ಬಂದರೆ ಬೈಬಲಿನ ಅಡಿಯಲ್ಲಿಟ್ಟು ಮರೆಯಬೇಡಿರಿ. ಹೇಳಿಕೊಳ್ಳಲು ಸಿಗುವ ಅವಕಾಶ ಅದೇ. ಆದೇಶ ಬಂದ ಮೇಲೆ ಮೇಲ್ಮನವಿಗೆ ಮೂವತ್ತು ದಿನ ಮಾತ್ರ.

ಗಡಿನಾಡಿನ ನಮಗೆ ಒಂದು ಚಪಲವಿದೆ: "ಇಲ್ಲಿ ಹೋದರೆ ಹೋಗಲಿ, ತಲಪಾಡಿ ದಾಟಿ ಮಂಗಳೂರಿನಲ್ಲಿ ಇನ್ನೊಂದು ಮಾಡಿಸಿದರಾಯಿತು." ಇದು ನಡೆಯುವುದಿಲ್ಲ. ಅನರ್ಹತೆಯ ಅವಧಿಯಲ್ಲಿ ದೇಶದ ಯಾವ ಕಚೇರಿಯಿಂದಲೂ ಲೈಸೆನ್ಸು ಪಡೆಯುವಂತಿಲ್ಲ, ದಾಖಲೆಗಳೂ ಈಗ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಆ ಅವಧಿಯಲ್ಲಿ ಕದ್ದು ಓಡಿಸಿದರೆ ಮತ್ತೆ ಹತ್ತು ಸಾವಿರ ದಂಡ ಅಥವಾ ಮೂರು ತಿಂಗಳ ವರೆಗೆ ಜೈಲು, ಇಲ್ಲವೆ ಎರಡೂ. ಲೈಸೆನ್ಸಿಲ್ಲದ ಮಗನ ಕೈಗೆ ಬೀಗದ ಕೈ ಕೊಟ್ಟರೆ ವಾಹನದ ಯಜಮಾನನೂ ತಪ್ಪಿತಸ್ಥ.

ಇನ್ನು ಜಮೀನಿನ ಮಾತು. ಕುಡಿದು ಓಡಿಸಿ ನಿಮ್ಮ ಗಾಡಿಯೇ ಜಜ್ಜಿಹೋದರೆ ವಿಮಾ ಕಂಪನಿ ಕಾಸು ಕೊಡದಿರಬಹುದು. ಮೀಟರಿನ ಚೀಟಿ ಇಲ್ಲದಿದ್ದರೂ ಉಳಿದ ಸಾಕ್ಷ್ಯಗಳಿಂದ ಕುಡಿತ ಸಾಬೀತಾಗಬಹುದೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ದಾರಿಹೋಕನೊಬ್ಬ ಸತ್ತರೆ? ಅವನ ಕುಟುಂಬಕ್ಕೆ ವಿಮಾ ಕಂಪನಿ ಮೊದಲು ಪರಿಹಾರ ಕೊಡಬೇಕು, ಬಳಿಕ ಅದನ್ನು ಚಾಲಕನಿಂದ, ಯಜಮಾನನಿಂದ ವಸೂಲಿ ಮಾಡಬಹುದು ಎಂಬುದು ಕೇರಳ ಹೈಕೋರ್ಟಿನ 2023ರ ತೀರ್ಪು. ಅಡಿಕೆ ಸಾಗಿಸುವ ಪಿಕಪ್ಪಿನ ಆರ್.ಸಿ. ತಂದೆಯ ಹೆಸರಿನಲ್ಲಿ, ಕುಡಿದು ಓಡಿಸಿದವನು ಮಗ. ವಸೂಲಿಗೆ ಬರುವುದು ತಂದೆಯ ಹೆಸರಿಗೆ. ಹತ್ತಿಪ್ಪತ್ತು ವರ್ಷ ನೀರೆರೆದು ಬೆಳೆಸಿದ ತೋಟದ ಮೇಲೆ ಜಪ್ತಿಯ ನೋಟೀಸು ಬಿದ್ದರೆ ಆ ಮನೆಯವರು ಏನು ಮಾಡಬೇಕು?

ಕುಡಿಯಬೇಡಿ ಎಂದು ಗುರುಗಳು ಪ್ರಸಂಗದಲ್ಲಿ ಹೇಳುತ್ತಲೇ ಇದ್ದಾರೆ. ನಮ್ಮದು ಕೃಷಿ-ಆರೋಗ್ಯದ ಅಂಕಣ, ಆದ್ದರಿಂದ ಕೆಲಸಕ್ಕೆ ಬರುವ ಎರಡು ಮಾತು. ರೋಸ್ ಇಟ್ಟುಕೊಳ್ಳುವ ಮನೆಯವರು ಚಪ್ಪರ, ಬ್ಯಾಂಡಿಗೆ ಖರ್ಚು ಮಾಡುವಾಗ ಕುಡಿಯದ ಚಾಲಕನಿರುವ ಒಂದು ಜೀಪನ್ನೂ ಗೊತ್ತುಮಾಡಲಿ. ಬೀಗದ ಕೈಗಳನ್ನು ವಾಳೆಯ ಗುರಿಕಾರರ ಕೈಗೆ ಕೊಡಿಸಲಿ, ಬೈಕುಗಳು ರಾತ್ರಿ ಅಂಗಳದಲ್ಲೇ ಇರಲಿ. ಮರುದಿನದ ಹಾಲನ್ನು ಪಕ್ಕದ ಮನೆಯವರು ಒಯ್ಯುವಂತೆ ಹಿಂದಿನ ಸಂಜೆಯೇ ಮಾತಾಡಿಟ್ಟುಕೊಳ್ಳಿರಿ. ಅವರ ಮನೆಯ ರೋಸಿಗೆ ನೀವು ಒಯ್ದರಾಯಿತು. ಪ್ರತಿದಿನ ಕುಡಿಯುವವರು ಮಾತ್ರ ಲೈಸೆನ್ಸಿನ ಹೆದರಿಕೆಯಿಂದ ಒಂದೇ ದಿನದಲ್ಲಿ ಬಿಟ್ಟುಬಿಡಬಾರದು. ಕೈನಡುಕ, ಫಿಟ್ಸ್, ಭ್ರಮೆ ಬರಬಹುದು. ವೈದ್ಯರನ್ನು ಕಂಡು ಅವರು ಹೇಳಿದಂತೆ ಬಿಡಬೇಕು. ಕೇರಳ ಸರಕಾರದ 'ವಿಮುಕ್ತಿ' ಯೋಜನೆಯ ಚಿಕಿತ್ಸೆಯ ಬಗ್ಗೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಮುಂದಿನ ಸಂಚಿಕೆಯಲ್ಲಿ ಅಡಿಕೆಯ ಎಲೆಚುಕ್ಕಿ ರೋಗ.